ಎಫ್. ಆರ್. ಲೀವಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಎಂ.ಎ. ಮಾಡಿದವರೆಲ್ಲ ಈ ಹೆಸರು ಕೇಳಿರುತ್ತಾರೆ. ಕನ್ನಡದ ನವ್ಯ ವಿಮರ್ಶೆ ಓದಿದವರೂ ಎಲ್ಲೋ ಒಂದು ಕಡೆ ಇವರನ್ನು ಎಡತಾಕಿರುತ್ತಾರೆ. ನಾನು ಓದುವಾಗ ನಮ್ಮ ಮೇಷ್ಟರು ಬರೆಸಿದ ನೋಟ್ಸ್‌ನಲ್ಲಿ ಲೀವಿಸ್ ಅಂದರೆ ನಾಲ್ಕು ಕಾದಂಬರಿಕಾರರ ಪಟ್ಟಿ, ಅಷ್ಟೇ. ಪರೀಕ್ಷೆಗೆ ಅದು ಸಾಕಾಯ್ತು. ಮನುಷ್ಯ ಮಾತ್ರ ಸಿಗಲಿಲ್ಲ. ಆಮೇಲೆ ನಾನೇ ಹುಡುಕಿಕೊಂಡು ಓದಿದೆ. ಜನ ನನ್ನನ್ನು ಕೇಳಿದ, ನಾನೂ ಒಂದು ಕಾಲಕ್ಕೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಲೀವಿಸ್ ಯಾರು? ಚಿಕ್ಕದಾಗಿ ಹೇಳಿ.

ಫ್ರಾಂಕ್ ರೇಮಂಡ್ ಲೀವಿಸ್. ಹುಟ್ಟಿದ್ದು 1895ರ ಜುಲೈ 14, ಕೇಂಬ್ರಿಡ್ಜ್‌ನಲ್ಲಿ. ತೀರಿಕೊಂಡಿದ್ದು 1978ರ ಏಪ್ರಿಲ್ 14, ಅದೇ ಊರಲ್ಲಿ. ಇಂಗ್ಲಿಷ್ ವಿಮರ್ಶಕ, ಪಾಠ ಹೇಳುವ ಮೇಷ್ಟರು, ‘ಸ್ಕ್ರೂಟಿನಿ’ ಅನ್ನೋ ತ್ರೈಮಾಸಿಕದ ಸಂಪಾದಕ. ಕೀಟ್ಸ್, ಮಿಲ್ಟನ್‌ರಂಥ ಇಂಗ್ಲಿಷ್ ಕವಿಗಳನ್ನೆಲ್ಲ ನಾವು ಸಲೀಸಾಗಿ ಏಕವಚನದಲ್ಲಿ ಕರೆಯುತ್ತೇವೆ. ಲೀವಿಸ್ ಮೇಷ್ಟರಾದ್ದರಿಂದ ನನಗೆ ಬಹುವಚನವೇ ಬರುತ್ತದೆ.

ದೊಡ್ಡ ಮನೆತನದವರಾ?

ಅಲ್ಲ. ತಂದೆ ಹ್ಯಾರಿ ಲೀವಿಸ್ ಕೇಂಬ್ರಿಡ್ಜ್‌ನಲ್ಲಿ ಪಿಯಾನೋ ಮತ್ತು ಬೇರೆ ವಾದ್ಯಗಳ ಅಂಗಡಿ ಇಟ್ಟಿದ್ದರು. ಅಂಗಡಿ ಇದ್ದಿದ್ದು ಡೌನಿಂಗ್ ಕಾಲೇಜಿನ ಎದುರಿಗೆ. ಮುಂದೆ ಮಗ ಮೂವತ್ತು ವರ್ಷ ಪಾಠ ಹೇಳಿದ್ದೂ ಅದೇ ಡೌನಿಂಗ್‌ನಲ್ಲಿ. ರಸ್ತೆ ದಾಟಿದರೆ ಸಾಕು, ಆದರೆ ಅಂಗಡಿಯವನ ಮಗನಿಗೆ ಆ ರಸ್ತೆ ದಾಟುವುದು ಸುಲಭ ಇರಲಿಲ್ಲ. ವಿಶ್ವವಿದ್ಯಾಲಯದ ‘ಒಳಗಿನವರು’ ತನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ ಅನ್ನೋ ಸಿಟ್ಟು ಇವರಿಗೆ ಕೊನೆವರೆಗೂ ಇತ್ತು.

ಓದಿದ್ದು ಪರ್ಸ್ ಶಾಲೆಯಲ್ಲಿ. ಅಲ್ಲಿನ ಹೆಡ್‌ಮಾಸ್ಟರ್ ಡಬ್ಲ್ಯು. ಎಚ್. ಡಿ. ರೌಸ್ ಹುಟ್ಟಿದ್ದು ನಮ್ಮ ಕಲ್ಕತ್ತಾದಲ್ಲಿ; ಸಂಸ್ಕೃತವನ್ನೂ ಬಲ್ಲವರು. ತರಗತಿಯಲ್ಲಿ ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ಮಾತಾಡಿಸಿಯೇ ಕಲಿಸುತ್ತಿದ್ದರು. ಸತ್ತ ಭಾಷೆಯನ್ನೂ ಬಾಯಲ್ಲಿ ಆಡಿಸಬೇಕು ಅನ್ನೋ ಶಾಲೆಯಿಂದ ಬಂದ ಹುಡುಗ, ಮುಂದೆ ‘ಕವಿತೆ ಆಡುಮಾತಿನ ನರನಾಡಿ ಬಿಟ್ಟರೆ ಕೆಡುತ್ತದೆ’ ಅನ್ನುವ ವಿಮರ್ಶಕನಾದ. ಎರಡಕ್ಕೂ ಸಂಬಂಧ ಇದೆ ಅಂತ ನನ್ನ ಊಹೆ.

ಮೊದಲ ಮಹಾಯುದ್ಧದಲ್ಲಿ ಇವರು ಹೋರಾಡಿದ್ರಾ?

ಬಂದೂಕು ಹಿಡಿಯಲಿಲ್ಲ. ಇತಿಹಾಸ ಓದಲು ಎಮ್ಯಾನ್ಯುಯೆಲ್ ಕಾಲೇಜಿಗೆ ಸ್ಕಾಲರ್‌ಶಿಪ್ ಸಿಕ್ಕಿತ್ತು. ಅಷ್ಟರಲ್ಲಿ ಯುದ್ಧ ಶುರುವಾಯ್ತು. ಕೊಲ್ಲುವ ಕೆಲಸ ತನ್ನಿಂದಾಗದು ಎಂದು ಯುದ್ಧ ಒಪ್ಪದ ಕ್ರೈಸ್ತರಾದ ಕ್ವೇಕರ್ ಪಂಥದವರು ನಡೆಸುತ್ತಿದ್ದ ಆಂಬುಲೆನ್ಸ್ ದಳಕ್ಕೆ ಸೇರಿದರು. ಫ್ರಾನ್ಸ್‌ನಲ್ಲಿ ಗಾಯಾಳುಗಳನ್ನು ಸಾಗಿಸುವ ರೈಲಿನಲ್ಲಿ ಕೆಲಸ. ಜೇಬಿನಲ್ಲಿ ಮಿಲ್ಟನ್‌ನ ಪುಟ್ಟ ಪುಸ್ತಕ. ಈ ಪುಸ್ತಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ವಾಪಸ್ ಬಂದಾಗ ಹೊಟ್ಟೆ ಕೆಟ್ಟಿತ್ತು, ನಿದ್ದೆ ಹೋಗಿತ್ತು. ಎರಡೂ ಸರಿಯಾಗಿ ವಾಸಿ ಆಗಲಿಲ್ಲ. ಯುದ್ಧದ ಬಗ್ಗೆ ಇವರು ಬರೆದಿದ್ದು ತೀರಾ ಕಡಿಮೆ.

ಇತಿಹಾಸ ಬಿಟ್ಟು ಇಂಗ್ಲಿಷ್‌ಗೆ ಬಂದಿದ್ದು ಯಾಕೆ?

1919ರಲ್ಲಿ ಕೇಂಬ್ರಿಡ್ಜ್‌ಗೆ ಮರಳಿ ಇತಿಹಾಸದ ಪದವಿ ಪರೀಕ್ಷೆಯ ಮೊದಲ ಭಾಗ ಮುಗಿಸಿದರು. ಇಂಗ್ಲಿಷ್ ಸಾಹಿತ್ಯವನ್ನು ಅದರದೇ ಆದ ವಿಷಯವಾಗಿ ಓದುವ ಕೋರ್ಸ್ ಅಲ್ಲಿ ಬಂದಿದ್ದೇ 1917ರಲ್ಲಿ. ಹೊಸ ಮನೆ, ಇನ್ನೂ ಸುಣ್ಣದ ವಾಸನೆ ಹೋಗಿರಲಿಲ್ಲ. ಲೀವಿಸ್ ಅಲ್ಲಿಗೆ ದಾಟಿದರು. 1921ರಲ್ಲಿ ಕೊನೆಯ ಪರೀಕ್ಷೆಯ ಹೊತ್ತಿಗೇ ತಂದೆ ಅಪಘಾತದಲ್ಲಿ ಗಾಯಗೊಂಡು ತೀರಿಕೊಂಡರು. ಆ ಸ್ಥಿತಿಯಲ್ಲೇ ಪರೀಕ್ಷೆ ಬರೆದು ಫಸ್ಟ್ ಕ್ಲಾಸ್ ತೆಗೆದರು.

1924ರಲ್ಲಿ ಪಿಎಚ್.ಡಿ. ವಿಷಯ ಏನು ಗೊತ್ತಾ? ಪತ್ರಿಕೋದ್ಯಮಕ್ಕೂ ಸಾಹಿತ್ಯಕ್ಕೂ ಇರುವ ನಂಟು. ಎಂಟು ವರ್ಷದ ಮೇಲೆ ತಾನೇ ಪತ್ರಿಕೆಯ ಕೆಲಸಕ್ಕೆ ಇಳಿಯುವ ಮನುಷ್ಯನಿಗೆ ತಕ್ಕ ವಿಷಯ.

ಪೊಲೀಸರು ಇವರ ಹಿಂದೆ ಬಿದ್ದಿದ್ರಂತೆ, ನಿಜಾನಾ?

ಪೊಲೀಸರು ಅಂದರೆ ಲಾಠಿ ಹಿಡಿದು ಓಡಿಸಿಕೊಂಡು ಬಂದರು ಅಂತಲ್ಲ. ಆದರೆ ಸರ್ಕಾರದ ಕಣ್ಣು ಬಿದ್ದಿದ್ದು ನಿಜ. 1926ರಲ್ಲಿ ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಕಾದಂಬರಿಯನ್ನು ಬ್ರಿಟನ್‌ಗೆ ತರುವಂತಿರಲಿಲ್ಲ. ಅಶ್ಲೀಲ ಅಂತ ತಡೆ ಇತ್ತು. ಲೀವಿಸ್ ಕದ್ದುಮುಚ್ಚಿ ತರಿಸಬಹುದಿತ್ತು, ಎಷ್ಟೋ ಜನ ಹಾಗೇ ಮಾಡುತ್ತಿದ್ದರು. ಇವರು ಊರಿನ ಪುಸ್ತಕದಂಗಡಿಯವರ ಮೂಲಕ ಗೃಹ ಇಲಾಖೆಗೇ ಅರ್ಜಿ ಹಾಕಿಸಿದರು: ಪಾಠಕ್ಕೆ ಒಂದು ಪ್ರತಿ ಬೇಕು, ದಯವಿಟ್ಟು ಅನುಮತಿ ಕೊಡಿ.

ಅನುಮತಿ ಬರಲಿಲ್ಲ, ವಿಚಾರಣೆ ಬಂತು. ಇಂಥ ಪುಸ್ತಕವನ್ನು ಹುಡುಗ-ಹುಡುಗಿಯರು ಕೂತ ಕ್ಲಾಸಿನಲ್ಲಿ ಓದಿಸುವವನು ಯಾರು ಎಂದು ಕುಲಪತಿಗಳವರೆಗೂ ಪತ್ರ ಹೋಯಿತು. ನೇರ ಬಾಗಿಲಲ್ಲಿ ಹೋಗಿ ಏಟು ತಿನ್ನೋದು ಇವರ ಜೀವನದಲ್ಲಿ ಇದೇ ಮೊದಲು, ಕೊನೆ ಅಲ್ಲ.

ಕ್ಯೂ. ಡಿ. ಲೀವಿಸ್ ಅಂದ್ರೆ ಇವರ ಹೆಂಡತಿನಾ?

ಹೌದು, ಆದರೆ ‘ಇವರ ಹೆಂಡತಿ’ ಅಂತ ಹೇಳಿ ಮುಗಿಸುವ ಹಾಗಿಲ್ಲ. ಕ್ವೀನಿ ಡೊರೊತಿ ರಾತ್, ಹುಟ್ಟಿದ್ದು 1906ರಲ್ಲಿ, ಸಂಪ್ರದಾಯಸ್ಥ ಯಹೂದಿ ಕುಟುಂಬ. 1929ರಲ್ಲಿ ಲೀವಿಸ್‌ರನ್ನು ಮದುವೆಯಾದಾಗ ತವರಿನವರು ಮಗಳು ಸತ್ತಳು ಅಂತಲೇ ಲೆಕ್ಕ ಹಾಕಿದರು. ಜಾತಿ ಬಿಟ್ಟು ಮದುವೆಯಾದವರ ಮನೆಗಳಲ್ಲಿ ನಡೆಯೋದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1932ರಲ್ಲಿ ಅವರ ‘ಫಿಕ್ಷನ್ ಅಂಡ್ ದ ರೀಡಿಂಗ್ ಪಬ್ಲಿಕ್’ ಬಂತು. ಜನ ಯಾವ ಕಾದಂಬರಿ ಓದ್ತಾರೆ, ಯಾಕೆ ಓದ್ತಾರೆ, ಎಲ್ಲಿಂದ ತಂದು ಓದ್ತಾರೆ ಅಂತ ಹುಡುಕಿದ ಪುಸ್ತಕ. ಜನಪ್ರಿಯ ಲೇಖಕರಿಗೆ ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿಕೊಂಡಿದ್ದರು. ಆ ಕಾಲಕ್ಕೆ ಸಾಹಿತ್ಯ ವಿಭಾಗದಲ್ಲಿ ಹೀಗೆ ಕೆಲಸ ಮಾಡಿದವರು ಸಿಗೋದು ಕಷ್ಟ. ಇಷ್ಟೆಲ್ಲ ಆದರೂ ಕೇಂಬ್ರಿಡ್ಜ್ ಇಂಗ್ಲಿಷ್ ವಿಭಾಗ ಅವರಿಗೆ ಒಂದು ಕಾಯಂ ಹುದ್ದೆ ಕೊಡಲಿಲ್ಲ. ಮೂರು ಮಕ್ಕಳನ್ನು ಸಾಕಿದರು, ಕಾಯಿಲೆ ಜೊತೆ ಗುದ್ದಾಡಿದರು, ಪತ್ರಿಕೆಗೆ ಬರೆದರು, ಪತ್ರಿಕೆಯ ಮನೆಗೆಲಸವನ್ನೂ ಹೊತ್ತರು. ಲೀವಿಸ್‌ಗೆ ಅನ್ಯಾಯ ಆಯ್ತು ಅನ್ನುವವರು ಬಹಳ. ನನ್ನ ಲೆಕ್ಕದಲ್ಲಿ ಜಾಸ್ತಿ ಅನ್ಯಾಯ ಆಗಿದ್ದು ಕ್ವೀನಿಯವರಿಗೆ.

‘ಸ್ಕ್ರೂಟಿನಿ’ ಅಷ್ಟು ದೊಡ್ಡ ಪತ್ರಿಕೆಯಾ?

ಗಾತ್ರದಲ್ಲಿ ಬಲು ಚಿಕ್ಕದು. 1932ರ ಮೇ ತಿಂಗಳಲ್ಲಿ ಶುರುವಾಯ್ತು. ಮೊದಲ ಸಂಪಾದಕರು ಎಲ್. ಸಿ. ನೈಟ್ಸ್ ಮತ್ತು ಡೊನಾಲ್ಡ್ ಕಲ್ವರ್. ಲೀವಿಸ್ ಅದೇ ವರ್ಷ ಸಂಪಾದಕರಾಗಿ ಸೇರಿದರು, ಕೊನೆಯ ಸಂಚಿಕೆವರೆಗೂ ಇದ್ದರು. ಬರೆದವರಿಗೆ ಸಂಭಾವನೆ ಇಲ್ಲ. ಸಂಪಾದಕರಿಗಂತೂ ಇಲ್ಲವೇ ಇಲ್ಲ. ಕಚೇರಿ ಅಂದರೆ ಲೀವಿಸ್ ಮನೆ. ನಮ್ಮಲ್ಲಿ ಕಿರುಪತ್ರಿಕೆ ನಡೆಸಿದವರಿಗೆ ಈ ಚಿತ್ರ ಚೆನ್ನಾಗಿ ಗೊತ್ತು: ಊಟದ ಮೇಜಿನ ಮೇಲೆ ಪ್ರೂಫು, ಬರ್ತೀನಿ ಅಂದ ಲೇಖನ ಬಾರದೆ ಸಂಪಾದಕರೇ ರಾತ್ರಿ ಕೂತು ಬರೆದು ಪುಟ ತುಂಬಿಸೋದು.

ಲೀವಿಸ್‌ರ ಎಷ್ಟೋ ಪುಸ್ತಕಗಳು ಹುಟ್ಟಿದ್ದು ಹೀಗೇ. ‘ದ ಗ್ರೇಟ್ ಟ್ರೆಡಿಷನ್’ನ ಬಹುಪಾಲು ಮೊದಲು ‘ಸ್ಕ್ರೂಟಿನಿ’ಯಲ್ಲಿ ಬಿಡಿ ಲೇಖನಗಳಾಗಿ ಬಂದಿತ್ತು. ಎರಡನೇ ಮಹಾಯುದ್ಧದಲ್ಲಿ ಕಾಗದದ ಬರ ಬಂತು, ಬರೆಯುವವರು ಚದುರಿಹೋದರು. ಪತ್ರಿಕೆ ಕುಂಟುತ್ತಾ 1953ರವರೆಗೆ ಬಂದು ನಿಂತಿತು. ಹತ್ತು ವರ್ಷದ ಮೇಲೆ, 1963ರಲ್ಲಿ, ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್ ಅದಷ್ಟನ್ನೂ 20 ಸಂಪುಟಗಳಲ್ಲಿ ಮತ್ತೆ ಅಚ್ಚು ಹಾಕಿತು. ಬದುಕಿದ್ದಾಗ ಅನ್ನ ಹಾಕದವರು ತಿಥಿ ಜೋರಾಗಿ ಮಾಡಿದ ಹಾಗೆ ಅಂತ ಲೀವಿಸ್ ಅಂದುಕೊಂಡಿದ್ದರೆ ತಪ್ಪೇನಿಲ್ಲ.

ಇವರ ವಿಮರ್ಶೆ ಹೇಗಿರುತ್ತೆ? ಒಂದು ಉದಾಹರಣೆ ಕೊಡಿ.

ಕೀಟ್ಸ್‌ನ ಶರತ್ಕಾಲದ ಕವಿತೆ ಇದೆಯಲ್ಲ, ‘ಟು ಆಟಮ್’. ಅದರಲ್ಲಿ ಶರತ್ಕಾಲವೇ ಒಬ್ಬ ಹೆಂಗಸಾಗಿ ಬರುತ್ತಾಳೆ. ಕುಯ್ಲಾದ ಹೊಲದಲ್ಲಿ ಬಿದ್ದ ತೆನೆ ಆಯ್ದು, ಹೊರೆ ತಲೆ ಮೇಲಿಟ್ಟುಕೊಂಡು ಹಳ್ಳ ದಾಟುತ್ತಾಳೆ. ತಲೆಯನ್ನು ಅಲ್ಲಾಡದಂತೆ ‘ಇಟ್ಟುಕೊಳ್ಳುತ್ತಾಳೆ’. ಇಂಗ್ಲಿಷ್‌ನಲ್ಲಿ ‘ಕೀಪ್’ ಅನ್ನೋ ಕ್ರಿಯಾಪದಕ್ಕೆ ಸಾಲು ಮುಗಿಯುತ್ತದೆ. ‘ಸ್ಟೆಡಿ’, ಅಂದರೆ ಅಲ್ಲಾಡದ ಹಾಗೆ, ಅನ್ನೋ ಮಾತು ಮುಂದಿನ ಸಾಲಿನ ಮೊದಲಿಗೆ ಬರುತ್ತದೆ.

ಲೀವಿಸ್ ಹೇಳೋದು ಇಷ್ಟು: ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟುವಾಗ ಓದುವವನೂ ಒಂದು ಕ್ಷಣ ತೂಗಾಡುತ್ತಾನೆ, ಆಮೇಲೆ ‘ಸ್ಟೆಡಿ’ ಮೇಲೆ ಕಾಲು ಊರುತ್ತಾನೆ. ಕಲ್ಲಿನಿಂದ ಕಲ್ಲಿಗೆ ಕಾಲಿಡುವ ಆ ಹೆಂಗಸು ಮಾಡಿದ್ದನ್ನೇ ಓದುಗನ ನಾಲಗೆಯೂ ಮಾಡುತ್ತದೆ. ಕವಿತೆ ಹಳ್ಳ ದಾಟಿದ್ದರ ‘ಬಗ್ಗೆ’ ಹೇಳುತ್ತಿಲ್ಲ, ದಾಟಿಸುತ್ತಿದೆ.

ಇದನ್ನು ಮೊದಲ ಸಲ ಓದಿದಾಗ ನನಗೆ ಅಜ್ಜಿ ನೆನಪಾದಳು. ತಲೆ ಮೇಲೆ ಸಿಂಬೆ, ಸಿಂಬೆ ಮೇಲೆ ಹುಲ್ಲಿನ ಹೊರೆ. ಹಳ್ಳದ ದಂಡೆಯಲ್ಲಿ ಅರೆಗಳಿಗೆ ನಿಂತು, ಕತ್ತು ಗಟ್ಟಿ ಮಾಡಿಕೊಂಡು, ಆಮೇಲೆ ನೀರಿಗೆ ಕಾಲಿಡುತ್ತಿದ್ದಳು. ಆ ಅರೆಗಳಿಗೆಯೇ ಕೀಟ್ಸ್‌ನ ಸಾಲಿನ ತುದಿ. ಎಂ.ಎ. ನೋಟ್ಸ್‌ನಲ್ಲಿ ಇದು ಇರಲಿಲ್ಲ.

ಹಾಗಾದ್ರೆ ಇವರ ಸಿದ್ಧಾಂತ ಏನು?

ಇದನ್ನೇ ರೆನೆ ವೆಲೆಕ್ ಅನ್ನೋ ದೊಡ್ಡ ವಿದ್ವಾಂಸರು 1937ರಲ್ಲಿ ‘ಸ್ಕ್ರೂಟಿನಿ’ಯಲ್ಲೇ ಕೇಳಿದರು. ನಿಮ್ಮ ತೀರ್ಪುಗಳ ಹಿಂದೆ ಒಂದಿಷ್ಟು ತತ್ವಗಳಿವೆ, ಅವನ್ನು ಬಿಡಿಸಿ ಬರೆಯಿರಿ, ಸಮರ್ಥಿಸಿ ಅಂದರು. ಲೀವಿಸ್ ಒಪ್ಪಲಿಲ್ಲ. ತತ್ವಜ್ಞಾನಿಯ ಕೆಲಸ ಬೇರೆ, ವಿಮರ್ಶಕನ ಕೆಲಸ ಬೇರೆ. ವಿಮರ್ಶಕ ಕೈಯಲ್ಲಿ ಅಳತೆಗೋಲು ಹಿಡಿದು ಕವಿತೆಯ ಹತ್ತಿರ ಹೋಗಬಾರದು, ಮೊದಲು ಅದರ ಒಳಗೆ ಇಳಿಯಬೇಕು. ಉತ್ತರ ಹೀಗಿತ್ತು.

ಇವರ ಪ್ರಕಾರ ವಿಮರ್ಶೆ ಅಂದರೆ ಒಬ್ಬರು ಇನ್ನೊಬ್ಬರನ್ನು ಕೇಳೋದು: ‘ಇದು ಹೀಗೇ, ಅಲ್ವಾ?’ ಕೇಳಿಸಿಕೊಂಡವರ ಒಳ್ಳೆಯ ಉತ್ತರ ಸುಮ್ನೆ ‘ಹೌದು’ ಅಲ್ಲ. ‘ಹೌದು, ಆದರೆ...’ ಆ ‘ಆದರೆ’ಯಲ್ಲಿ ಸಾಹಿತ್ಯ ಬದುಕಿರುತ್ತದೆ. ನನಗೆ ಲೀವಿಸ್ ಇಷ್ಟವಾಗೋದು ಈ ಒಂದು ಮಾತಿಗೆ. ಇವರ ಮೇಲೆ ಸಿಟ್ಟು ಬರೋದೂ ಇದಕ್ಕೇ. ಯಾಕಂದ್ರೆ ಯಾರಾದರೂ ನಿಜವಾಗಿ ‘ಆದರೆ’ ಅಂದಾಗ ಇವರಿಗೆ ತಡೆದುಕೊಳ್ಳೋಕೆ ಆಗುತ್ತಿರಲಿಲ್ಲ.

ಆ ನಾಲ್ಕು ಜನರ ಪಟ್ಟಿ ಏನು?

1948ರ ‘ದ ಗ್ರೇಟ್ ಟ್ರೆಡಿಷನ್’ ಶುರುವಾಗೋದೇ ಅಲ್ಲಿಂದ: ಇಂಗ್ಲಿಷ್‌ನ ದೊಡ್ಡ ಕಾದಂಬರಿಕಾರರು ಜೇನ್ ಆಸ್ಟಿನ್, ಜಾರ್ಜ್ ಎಲಿಯಟ್, ಹೆನ್ರಿ ಜೇಮ್ಸ್, ಜೋಸೆಫ್ ಕಾನ್ರಾಡ್. ಮೊದಲ ವಾಕ್ಯದಲ್ಲೇ ಬಾಗಿಲು ಹಾಕಿ ಚಿಲಕ ಜಡಿದ ಹಾಗೆ. ಈ ನಾಲ್ವರಲ್ಲಿ ಇಬ್ಬರು ಹುಟ್ಟಾ ಇಂಗ್ಲಿಷರೂ ಅಲ್ಲ. ಒಬ್ಬರು ಅಮೆರಿಕದವರು, ಇನ್ನೊಬ್ಬರು ಪೋಲಿಷ್.

ಡಿಕನ್ಸ್ ಎಲ್ಲಿ ಅಂತ ಎಲ್ಲರೂ ಕೇಳಿದರು. ‘ಹಾರ್ಡ್ ಟೈಮ್ಸ್’ ಒಂದಕ್ಕೆ ಮಾತ್ರ ಪುಸ್ತಕದ ಕೊನೆಯಲ್ಲಿ ಜಾಗ. ಉಳಿದಂತೆ ಡಿಕನ್ಸ್ ದೊಡ್ಡ ಮನರಂಜನೆಗಾರ ಅಂತ ಬದಿಗಿಟ್ಟರು. ಇಪ್ಪತ್ತೆರಡು ವರ್ಷದ ಮೇಲೆ, 1970ರಲ್ಲಿ, ಗಂಡ-ಹೆಂಡತಿ ಸೇರಿ ‘ಡಿಕನ್ಸ್ ದ ನಾವೆಲಿಸ್ಟ್’ ಬರೆದರು. ಅಲ್ಲಿ ಡಿಕನ್ಸ್ ಅತಿದೊಡ್ಡ ಸೃಜನಶೀಲ ಲೇಖಕರ ಸಾಲಿನಲ್ಲಿ ಕೂತಿದ್ದಾನೆ. ‘ಹಿಂದೆ ನಾನು ತಪ್ಪಿದೆ’ ಅನ್ನೋ ನೇರ ಮಾತು ಮಾತ್ರ ಹುಡುಕಿದರೂ ಸಿಗಲ್ಲ. ಆ ಪುಸ್ತಕವನ್ನು ಇಬ್ಬರೂ ಒಬ್ಬರಿಗೊಬ್ಬರು ಅರ್ಪಿಸಿಕೊಂಡಿದ್ದಾರೆ, ನಲವತ್ತಕ್ಕೂ ಹೆಚ್ಚು ವರ್ಷ ದಿನದಿನವೂ ಜೊತೆಯಾಗಿ ಬದುಕಿದ್ದಕ್ಕೆ, ಪಾಠ ಹೇಳಿದ್ದಕ್ಕೆ, ಮಾತಾಡಿದ್ದಕ್ಕೆ ಸಾಕ್ಷಿ ಅಂತ.

ಮಿಲ್ಟನ್‌ನನ್ನು ಕೆಳಗಿಳಿಸಿದವರು ಇವರೇನಾ?

ಕೆಳಗಿಳಿದಾಗಿದೆ, ಯಾರೂ ಜಾಸ್ತಿ ಗಲಾಟೆ ಮಾಡಲಿಲ್ಲ ಅನ್ನೋ ಧಾಟಿಯಲ್ಲಿ 1936ರ ‘ರೀವ್ಯಾಲ್ಯುಯೇಷನ್’ನಲ್ಲಿ ಬರೆದರು. ಅದಕ್ಕೇ ಗಲಾಟೆ ಆಯ್ತು! ಮಿಲ್ಟನ್‌ನ ಇಂಗ್ಲಿಷ್ ಲ್ಯಾಟಿನ್ ವೇಷ ತೊಟ್ಟು ಆಡುಮಾತಿನಿಂದ ದೂರ ಸರಿದಿದೆ ಅನ್ನೋದು ದೂರು. ಯುದ್ಧದ ರೈಲಿನಲ್ಲಿ ಜೇಬಿನಲ್ಲಿದ್ದವನು ಇದೇ ಮಿಲ್ಟನ್. ಅಷ್ಟು ಹತ್ತಿರದಿಂದ ಓದಿದವರಿಗೆ ಮಾತ್ರ ಅಷ್ಟು ಗಟ್ಟಿಯಾಗಿ ಬೈಯಲು ಬರುತ್ತದೆ.

ಸಿ. ಪಿ. ಸ್ನೋ ಜೊತೆಗಿನ ಜಗಳ ಏನು?

ಸ್ನೋ ವಿಜ್ಞಾನ ಓದಿದವರು, ಕಾದಂಬರಿಕಾರರು, ಸರ್ಕಾರದಲ್ಲಿ ದೊಡ್ಡ ಹುದ್ದೆ ನೋಡಿದವರು. 1959ರ ಮೇ 7ರಂದು ಕೇಂಬ್ರಿಡ್ಜ್‌ನಲ್ಲಿ ‘ಎರಡು ಸಂಸ್ಕೃತಿಗಳು’ ಅಂತ ಭಾಷಣ ಮಾಡಿದರು. ಸಾಹಿತ್ಯದವರಿಗೂ ವಿಜ್ಞಾನದವರಿಗೂ ಮಾತು ನಿಂತಿದೆ. ಶೇಕ್ಸ್‌ಪಿಯರ್ ಓದಿಲ್ಲ ಅಂದರೆ ನಗುತ್ತೀರಿ, ಥರ್ಮೋಡೈನಾಮಿಕ್ಸ್‌ನ ಎರಡನೇ ನಿಯಮ ಗೊತ್ತಾ ಅಂದರೆ ನೀವೇ ಬಾಯಿ ಮುಚ್ಚುತ್ತೀರಿ. ಇದು ಅವರ ವಾದ. ಭಾಷಣ ಶಾಲೆಗಳಲ್ಲಿ ಪಾಠವಾಗೋ ಮಟ್ಟಕ್ಕೆ ಹೋಯ್ತು.

1962ರ ಫೆಬ್ರವರಿ 28ರಂದು ಡೌನಿಂಗ್ ಕಾಲೇಜಿನಲ್ಲಿ ಲೀವಿಸ್ ಉತ್ತರ ಕೊಟ್ಟರು. ಉತ್ತರ ಅನ್ನೋದಕ್ಕಿಂತ ಸುಲಿದು ಹಾಕಿದರು. ಸ್ನೋ ಕಾದಂಬರಿಕಾರನೇ ಅಲ್ಲ, ಕಾದಂಬರಿ ಅಂದರೇನು ಅನ್ನೋದರ ಗಂಧವೇ ಇಲ್ಲ, ಬುದ್ಧಿಯಲ್ಲೂ ಹೇಳಿಕೊಳ್ಳುವಂಥದ್ದೇನಿಲ್ಲ ಅಂತೆಲ್ಲ. ಮಾರ್ಚ್‌ನಲ್ಲಿ ‘ಸ್ಪೆಕ್ಟೇಟರ್’ ವಾರಪತ್ರಿಕೆ ಅದನ್ನು ಅಚ್ಚು ಮಾಡಿತು. ಸ್ನೋ ಕೇಸು ಹಾಕಲಿಲ್ಲ. ವಾರಗಟ್ಟಲೆ ಪತ್ರಗಳು ಬಂದವು, ಹೆಚ್ಚಿನವು ಲೀವಿಸ್‌ಗೆ ಬೈದು.

ಯಾರು ಸರಿ? ಬೈಗುಳ ತೆಗೆದುಹಾಕಿ ಓದಿದರೆ ಲೀವಿಸ್‌ರ ಮಾತಿನಲ್ಲಿ ತೂಕ ಇದೆ. ಶೇಕ್ಸ್‌ಪಿಯರ್ ಓದೋದಕ್ಕೂ ಒಂದು ನಿಯಮ ತಿಳಿಯೋದಕ್ಕೂ ಸಮ ಹಾಕೋಕೆ ಆಗಲ್ಲ ಅಂದರು. ಮನುಷ್ಯರೆಲ್ಲ ಸೇರಿ ಕಟ್ಟಿದ ಭಾಷೆ ಅನ್ನೋದೊಂದು ಮೊದಲೇ ಇರದಿದ್ದರೆ ವಿಜ್ಞಾನ ಎಲ್ಲಿಂದ ಹುಟ್ಟಬೇಕಿತ್ತು ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ಸ್ನೋ ಬಡದೇಶಗಳ ಹಸಿವಿನ ಬಗ್ಗೆ ಹೇಳಿದ್ದನ್ನು ಲೀವಿಸ್ ಬೇಗ ದಾಟಿ ಹೋಗುತ್ತಾರೆ. 1962ರಲ್ಲಿ ನಮ್ಮ ಕಡೆಯಿಂದ ಓದಿದವರಿಗೆ ಅದು ಚುಚ್ಚಿರಲೇಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬೈದಿದ್ದರಿಂದ ಆದ ನಷ್ಟ ಏನಂದ್ರೆ, ಜನರಿಗೆ ಬೈಗುಳ ಮಾತ್ರ ನೆನಪುಳಿಯಿತು.

ಜಾಹೀರಾತಿನ ಬಗ್ಗೆಯೂ ಬರೆದಿದ್ದಾರಂತೆ?

1933ರಲ್ಲಿ ಡೆನಿಸ್ ಥಾಂಪ್ಸನ್ ಜೊತೆ ‘ಕಲ್ಚರ್ ಅಂಡ್ ಎನ್ವಿರಾನ್‌ಮೆಂಟ್’. ಶಾಲಾ ಮಕ್ಕಳ ಕೈಗೆ ಜಾಹೀರಾತು ಕೊಟ್ಟು, ಇದು ನಿಮ್ಮನ್ನು ಹೇಗೆ ಮರುಳು ಮಾಡುತ್ತಿದೆ ಬಿಡಿಸಿ ನೋಡಿ ಅನ್ನೋ ಅಭ್ಯಾಸಗಳು ಅದರಲ್ಲಿವೆ. ಈಗಿನ ಮಕ್ಕಳಿಗೆ ಮೊಬೈಲ್ ಇಟ್ಟುಕೊಂಡು ಇದನ್ನೇ ಮಾಡಿಸಬೇಕು. ಅದೇ ಪುಸ್ತಕದಲ್ಲಿ ಹಳೇ ಕಾಲದ ಗಾಡಿಚಕ್ರ ಮಾಡುವ ಬಡಗಿಗಳ ಹಳ್ಳಿ ಬದುಕನ್ನು ಹೊಗಳಿದ್ದಾರೆ. ಆ ಹಳ್ಳಿಯಲ್ಲಿ ಯಾರು ಹಸಿದಿದ್ದರು ಅನ್ನೋದು ಬರಲ್ಲ. ಹಳ್ಳಿ ಕಂಡವರು ಇಲ್ಲಿ ‘ಹೌದು, ಆದರೆ’ ಅನ್ನಲೇಬೇಕು.

ಪ್ರೊಫೆಸರ್ ಆಗಿದ್ರಾ?

ಕೇಂಬ್ರಿಡ್ಜ್‌ನಲ್ಲಿ ಇಲ್ಲ. ಪ್ರೊಫೆಸರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ರೀಡರ್ ಆಗಿದ್ದೇ 1959ರಲ್ಲಿ, ಅರವತ್ತನಾಲ್ಕನೇ ವಯಸ್ಸಿಗೆ. 1962ರಲ್ಲಿ ನಿವೃತ್ತಿ. ಆಮೇಲೆ ಯಾರ್ಕ್ ವಿಶ್ವವಿದ್ಯಾಲಯ ಸಂದರ್ಶಕ ಪ್ರೊಫೆಸರ್ ಆಗಿ ಕರೆಯಿತು. ತೀರಿಕೊಂಡ ವರ್ಷ ಸರ್ಕಾರ ‘ಕಂಪ್ಯಾನಿಯನ್ ಆಫ್ ಆನರ್’ ಬಿರುದು ಕೊಟ್ಟಿತು.

ಲಾರೆನ್ಸ್ ಪರ ಅಷ್ಟು ಬರೆದವರು ‘ಲೇಡಿ ಚಾಟರ್ಲಿ’ ಕೇಸಿನಲ್ಲಿ ಸಾಕ್ಷಿ ಹೇಳಿದ್ರಾ?

ಇಲ್ಲ, ಒಪ್ಪಲಿಲ್ಲ. ಡಿ. ಎಚ್. ಲಾರೆನ್ಸ್‌ನ ಆ ಕಾದಂಬರಿ ಅಶ್ಲೀಲ ಅಂತ ಪ್ರಕಾಶಕರ ಮೇಲೆ ಹೂಡಿದ ಕೇಸು ಅದು. 1955ರಲ್ಲಿ ಲಾರೆನ್ಸ್ ಬಗ್ಗೆ ಇಡೀ ಪುಸ್ತಕ ಬರೆದಿದ್ದರು. ಆದರೆ ಆ ಕಾದಂಬರಿ ಲಾರೆನ್ಸ್‌ನ ಒಳ್ಳೆಯ ಕೃತಿ ಅಲ್ಲ ಅನ್ನೋದು ಇವರ ಅಭಿಪ್ರಾಯ. ಕೋರ್ಟಿಗೆ ಹೋಗಿ ಒಳ್ಳೆಯದು ಅನ್ನೋಕೆ ಆಗಲ್ಲ ಅಂದರು. 1960ರಲ್ಲಿ ಅಷ್ಟೊಂದು ಜನ ಸಾಕ್ಷಿಕಟ್ಟೆ ಹತ್ತಿದಾಗ ಇವರು ಮನೆಯಲ್ಲೇ ಉಳಿದರು. ಹಠ ಅನ್ನಿ, ಪ್ರಾಮಾಣಿಕತೆ ಅನ್ನಿ.

ಕರ್ನಾಟಕಕ್ಕೂ ಲೀವಿಸ್‌ಗೂ ಏನು ನಂಟು?

ಸಿ. ಡಿ. ನರಸಿಂಹಯ್ಯ. ಎಲ್ಲರ ಬಾಯಲ್ಲಿ ಸಿ.ಡಿ.ಎನ್. ಮೈಸೂರಿನಿಂದ ಕೇಂಬ್ರಿಡ್ಜ್‌ಗೆ ಹೋಗಿ ಲೀವಿಸ್ ಹತ್ತಿರ ಓದಿ ಬಂದರು. ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದರು, ಪ್ರಿನ್ಸಿಪಾಲರಾದರು. 1952ರಲ್ಲಿ ಮೈಸೂರಿನಿಂದ ‘ದ ಲಿಟರರಿ ಕ್ರೈಟೀರಿಯನ್’ ಪತ್ರಿಕೆ ಶುರು ಮಾಡಿದರು. ‘ಸ್ಕ್ರೂಟಿನಿ’ ನಿಂತಿದ್ದು ಅದರ ಮರುವರ್ಷ. ಅವರ ಕ್ಲಾಸಿನಲ್ಲಿ ಕೂತವರಲ್ಲಿ ಯು. ಆರ್. ಅನಂತಮೂರ್ತಿ ಕೂಡ ಒಬ್ಬರು. ಕೃತಿಯನ್ನು ಸಾಲು ಸಾಲಾಗಿ ಹಿಡಿದು ನೋಡುವ ನವ್ಯ ವಿಮರ್ಶೆಯ ಅಭ್ಯಾಸ ಕನ್ನಡಕ್ಕೆ ಬಂದ ದಾರಿಗಳಲ್ಲಿ ಇದೂ ಒಂದು.

ಸಿ.ಡಿ.ಎನ್. ಗುರುವಿನ ಪಡಿಯಚ್ಚಾಗಿ ಉಳಿಯಲಿಲ್ಲ, ಅದೇ ಚೆಂದ. ಲೀವಿಸ್ ಬರೆದಿದ್ದು ಹೆಚ್ಚಾಗಿ ಇಂಗ್ಲಿಷ್ ಸಾಹಿತ್ಯದ ಬಗ್ಗೆಯೇ. ಸಿ.ಡಿ.ಎನ್. ಇಂಗ್ಲಿಷ್‌ನಲ್ಲಿ ಬರೆದ ನಮ್ಮವರೇ ಆದ ರಾಜಾ ರಾವ್, ಆರ್. ಕೆ. ನಾರಾಯಣ್ ಇವರನ್ನು ಕ್ಲಾಸಿಗೆ ತಂದರು, ಕಾಮನ್‌ವೆಲ್ತ್ ದೇಶಗಳ ಸಾಹಿತ್ಯ ತಂದರು. ಆಮೇಲೆ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನ ಹತ್ತಿರ ಹೋದರು. 1979ರಲ್ಲಿ ಮೈಸೂರಿನಲ್ಲಿ ಕಟ್ಟಿದ ಅಧ್ಯಯನ ಕೇಂದ್ರಕ್ಕೆ ಇಟ್ಟ ಹೆಸರು ಆನಂದವರ್ಧನನ ಗ್ರಂಥದ್ದೇ, ‘ಧ್ವನ್ಯಾಲೋಕ’. ಗುರುವಿಗೆ ಇದಕ್ಕಿಂತ ಒಳ್ಳೆಯ ‘ಹೌದು, ಆದರೆ’ ಹೇಳಿದ ಶಿಷ್ಯರು ಇಂಗ್ಲೆಂಡಿನಲ್ಲೂ ಕಡಿಮೆ.

ನಿಜವಾಗ್ಲೂ ಅಷ್ಟು ಜಗಳಗಂಟರಾ?

ಹೌದು. ಗೆಳೆಯರ ಜೊತೆ, ಶಿಷ್ಯರ ಜೊತೆ, ಕೊನೆಗೆ 1960ರ ದಶಕದಲ್ಲಿ ಡೌನಿಂಗ್ ಕಾಲೇಜಿನ ಜೊತೆಗೂ ಮಾತು ಬಿಟ್ಟರು. ಇವರನ್ನು ಮೆಚ್ಚಿದವರು ಕುರುಡು ಭಕ್ತರಾದರು, ಮೆಚ್ಚದವರು ವೈರಿಗಳಾದರು. ನಡುವೆ ನಿಲ್ಲೋಕೆ ಜಾಗವೇ ಇರಲಿಲ್ಲ. ಆದರೆ ಕ್ಲಾಸಿನಲ್ಲಿ ಕೂತವರು ಹೇಳುವ ಲೀವಿಸ್ ಬೇರೆ: ಟೈ ಇಲ್ಲ, ಕಾಲರ್ ಗುಂಡಿ ಬಿಚ್ಚಿದ ಅಂಗಿ, ಕೈಯಲ್ಲಿ ಬರೆದವರ ಹೆಸರಿಲ್ಲದ ಒಂದು ಪದ್ಯದ ಹಾಳೆ. ಇದು ಯಾವ ಕಾಲದ್ದು, ಯಾಕೆ ಹಾಗನ್ನಿಸುತ್ತೆ ಹೇಳಿ ಅಂತ ಹುಡುಗರನ್ನು ಕೇಳುತ್ತಿದ್ದರು.

ಈಗ ಓದಬೇಕು ಅಂದ್ರೆ ಎಲ್ಲಿಂದ ಶುರು ಮಾಡಲಿ?

‘ದ ಗ್ರೇಟ್ ಟ್ರೆಡಿಷನ್’ನ ಮೊದಲ ಅಧ್ಯಾಯದಿಂದ ಬೇಡ, ಅಲ್ಲೇ ಸಿಟ್ಟು ಬಂದು ಮುಚ್ಚಿಡುತ್ತೀರಿ. ವಾಕ್ಯಗಳೂ ಸುತ್ತಿ ಸುತ್ತಿ ಬರುತ್ತವೆ, ಒಂದರ ಹೊಟ್ಟೆಯೊಳಗೆ ಇನ್ನೊಂದು. 1952ರ ‘ದ ಕಾಮನ್ ಪರ್ಸ್ಯೂಟ್’ ತೆಗೆದುಕೊಳ್ಳಿ. ಬಿಡಿ ಲೇಖನಗಳು, ಎಲ್ಲಿಂದ ಬೇಕಾದರೂ ಓದಬಹುದು. ಮೇಲೆ ಹೇಳಿದ ಕೀಟ್ಸ್‌ನ ಹೆಂಗಸು ಅದರಲ್ಲೇ, ಮಿಲ್ಟನ್ ಮೇಲಿನ ಲೇಖನದಲ್ಲಿ ಇದ್ದಾಳೆ. ಪಕ್ಕದಲ್ಲಿ ಮೂಲ ಕವಿತೆ ಇಟ್ಟುಕೊಂಡು ಜೋರಾಗಿ ಓದಿ. ಹಳೇ ವಿಶ್ವವಿದ್ಯಾಲಯದ ಲೈಬ್ರರಿ ಹತ್ತಿರದಲ್ಲಿದ್ದರೆ ‘ಸ್ಕ್ರೂಟಿನಿ’ಯ ಮರುಮುದ್ರಣ ಇದೆಯಾ ಕೇಳಿ. ಇದ್ದರೆ ಇಪ್ಪತ್ತನೇ ಸಂಪುಟ ಮೊದಲು ಕೆಳಗಿಳಿಸಿ. ಸೂಚಿ ಇರೋದು ಅದರಲ್ಲೇ. ಕ್ವೀನಿ ಲೀವಿಸ್ ಹೆಸರಿನ ಮುಂದೆ ಎಷ್ಟು ಲೇಖನ ಇವೆ ಎಣಿಸಿ ನೋಡಿ.